ಮಂಗಳೂರಿನ ಬಾಸೆಲ್ ಮಿಷನ್ ಸಭೆ: ಅದರ ಉತ್ಪತ್ತಿ ಹಾಗೂ ಬೆಳವಣಿಗೆ

ಮುಂಬಯಿಯಿಂದ ಹೊರಟ ರೈಲುದಾರಿ 1853ರ ಏಪ್ರಿಲ್ 16ರಂದು ಠಾಣೆಯನ್ನೂ ಮರುವರ್ಷ ಕಲ್ಯಾಣವನ್ನೂ ಮುಟ್ಟಿತು. ಅನಂತರದ ಕಾಲದಲ್ಲಿ ಆ ದಾರಿಯ ಇಕ್ಕೆಲಗಳಲ್ಲಿ, ಠಾಣೆ, ಡೊಂಬಿವಲಿಗಳಿಂದ ಹಿಡಿದು ಗಣಪತಿಯ ಕ್ಷೇತ್ರವೆಂದು ಹೆಸರಾದ ಟಿಟ್ವಾಳಾದವರೆಗೆ, ಕನ್ನಡಿಗರ ಮನೆಗಳು ಹಬ್ಬಿಕೊಂಡವು. ಈ ಹೊರನಾಡ ಕನ್ನಡಿಗರೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಉಡುಪಿಯವರ ಹೋಟೆಲು, ಯಕ್ಷಗಾನದ ಮೇಳ, ದಾಸರ ಪದಗಳ ಭಜನಾ ಮಂಡಲಿ, ಶರಣರ ಜಯಂತಿ ಇವೇ ಮೊದಲಾದುವು. ಕನ್ನಡದಲ್ಲಿಯೇ ವೇದವನ್ನೋದಿ, ಕನ್ನಡ ತುಳುಗಳಲ್ಲಿಯೇ ಹಾಡಿ ಪ್ರಾರ್ಥಿಸುವ ಪ್ರೊಟೆಸ್ಟಂಟ್ ಕ್ರೈಸ್ತರೂ ಈ ಸಮುದಾಯದೊಳಗೆ ಇದ್ದಾರೆಂಬುದು ಬಹು ಮಂದಿಗೆ ನೆನಪಾಗುವುದಿಲ್ಲ. ಮುಂಬಯಿಯಲ್ಲಿ ಇಂಥವರ ಆರಾಧನೆಯೊಡನೆ ಇಂದಿಗೂ ಉಳಿದಿರುವ ಒಂದು ಹೆಸರು ‘ಬಾಸೆಲ್ ಮಿಷನ್’. ಆ ಹೆಸರಿನ ಬೇರು ಇರುವುದು ಮಂಗಳೂರಿನಲ್ಲಿ, ಅಲ್ಲಿಯ ಬಲ್ಮಠದ ಗುಡ್ಡದ ಮೇಲೆ. ಕೊಂಬೆಗಳ ಪರಿಚಯವಾಗಬೇಕಾದರೆ ಮೊದಲು ಬುಡವನ್ನು ನೋಡಬೇಕು. ಆದುದರಿಂದ ಮಂಗಳೂರಿನ ಆ ಮೂಲಸಭೆಯ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಆರಂಭದಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಕನ್ನಡ ಪ್ರೊಟೆಸ್ಟಂಟರ ವಾಡಿಕೆಯಲ್ಲಿ ‘ಸಭೆ’ ಎಂದರೆ ಕಟ್ಟಡವಲ್ಲ, ಕಾರ್ಯಕ್ರಮವೂ ಅಲ್ಲ. ದೀಕ್ಷಾಸ್ನಾನ ಹೊಂದಿ ಒಂದು ದೇವಾಲಯಕ್ಕೆ ಸೇರಿದ ಜನರ ಸಮೂಹಕ್ಕೆ ಆ ಹೆಸರು. ಅದನ್ನು ನಡೆಸುವವನು ಸಭಾಪಾಲಕ. ಅವನಿಗೆ ನೆರವಾಗುವವರು ಸಭೆಯ ಹಿರಿಯರು. ಊರೂರಿಗೆ ಹೋಗಿ ಬೋಧಿಸುವವನು ಉಪದೇಶಿ. ಮಿಷನ್ ಎಂಬುದು ಬೇರೆ, ಸಭೆ ಎಂಬುದು ಬೇರೆ. ಮಿಷನ್ ಹೊರಗಿನಿಂದ ಬಂದದ್ದು. ಸಭೆ ಈ ನೆಲದಲ್ಲಿ ಹುಟ್ಟಿದ್ದು. ಮಿಷನರಿಗಳ ಸಾಧನೆಯನ್ನು ಕುರಿತು ನಮ್ಮಲ್ಲಿ ಬಹಳಷ್ಟು ಬರೆಯಲಾಗಿದೆ. ಮೋಗ್ಲಿಂಗ್, ಕಿಟ್ಟೆಲ್ ಎಂಬ ಹೆಸರುಗಳನ್ನರಿಯದ ಕನ್ನಡಿಗನಿಲ್ಲ. ಆದರೆ ಆ ಮಿಷನರಿಗಳ ಮುಂದೆ ಬೆಂಚಿನ ಮೇಲೆ ಕುಳಿತಿದ್ದ ಜನರು ಯಾರು? ಅವರು ಏನನ್ನು ಕಳೆದುಕೊಂಡು ಅಲ್ಲಿಗೆ ಬಂದರು? ಏನನ್ನುಂಡು ಬದುಕಿದರು? ಮಿಷನರಿಗಳು ಹೊರಟುಹೋದ ದಿನ ಏನಾದರು? ಸಭೆಯ ಚರಿತ್ರೆಯೆಂದರೆ ಈ ಪ್ರಶ್ನೆಗಳಿಗೆ ದೊರೆಯುವ ಉತ್ತರ.

1. ಮಿಷನ್ನಿನ ಆಗಮನ

ಬಾಸೆಲ್ ಮಿಷನ್ ಸ್ಥಾಪನೆಯಾದದ್ದು 1815ರಲ್ಲಿ, ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ದೇಶಗಳ ಗಡಿಗಳು ಕೂಡುವ ಬಾಸೆಲ್ ನಗರದಲ್ಲಿ. ಸಂಸ್ಥೆ ಸ್ವಿಟ್ಜರ್ಲೆಂಡಿನದಾದರೂ ಅದರಲ್ಲಿ ಸೇರಿದವರಲ್ಲಿ ಬಹು ಮಂದಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಅದರಲ್ಲಿಯೂ ಹಳ್ಳಿಯ ಒಕ್ಕಲು ಮಕ್ಕಳು, ನೇಕಾರರು, ಬಡಗಿಗಳು, ಕಮ್ಮಾರರು ಇಂಥವರ ಮನೆಗಳಿಂದ ಬಂದವರು. ಅವರ ಭಕ್ತಿಮಾರ್ಗದಲ್ಲಿ ಆತ್ಮಶೋಧನೆಗೆ ಎಷ್ಟು ಬೆಲೆಯೋ ಕೈಕೆಲಸಕ್ಕೂ ಅಷ್ಟೇ ಬೆಲೆ. ಸೋಮಾರಿತನವೂ ಒಂದು ಪಾಪವೆಂದು ಅವರು ತಿಳಿದಿದ್ದರು. ಮುಂದೆ ಮಂಗಳೂರಿನಲ್ಲಿ ನಡೆದ ಸಂಗತಿಗಳಿಗೆ ಈ ಹಿನ್ನೆಲೆಯಲ್ಲಿಯೇ ಕಾರಣವಿದೆ.

ಈಸ್ಟ್ ಇಂಡಿಯಾ ಕಂಪೆನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಹಿಂದೂಸ್ಥಾನದ ಬಾಗಿಲನ್ನು ತೆರೆಯಿತು. ಅದರ ಮರುವರ್ಷವೇ ಸಾಮುಯೆಲ್ ಹೆಬಿಕ್, ಕ್ರಿಸ್ಟೋಫ್ ಲೇಹ್ನರ್, ಕ್ರಿಶ್ಚಿಯನ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಗೆ ಬಂದಿಳಿದು, 1834ರ ಅಕ್ಟೋಬರ್ 30ರಂದು ಮಂಗಳೂರನ್ನು ಸೇರಿದರು. ಆಗ ಕೆನರಾ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಮಂಗಳೂರು ಅದರ ಮುಖ್ಯಸ್ಥಳ. ಕ್ರೈಸ್ತಧರ್ಮವು ಆ ಊರಿಗೆ ಹೊಸತಾಗಿರಲಿಲ್ಲ. ಗೋವೆಯ ಕಡೆಯಿಂದ ಬಂದು ನೆಲೆಸಿದ ಕೊಂಕಣಿ ನುಡಿಯ ರೋಮನ್ ಕಥೋಲಿಕರ ದೊಡ್ಡ ಸಮುದಾಯ ಶತಮಾನಗಳಿಂದ ಅಲ್ಲಿತ್ತು. ಆದರೆ ಇವರು ಬಂದದ್ದು ಬೇರೆ ಮತದವರಾಗಿ, ಬೇರೆ ಜನರನ್ನು ಅರಸಿಕೊಂಡು.

1836ರಲ್ಲಿ ಹೆರ್ಮನ್ ಮೋಗ್ಲಿಂಗ್ ಬಂದನು. ಮರುವರ್ಷ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಬೆಟಗೇರಿಯಲ್ಲಿಯೂ ಠಾಣ್ಯಗಳು ಹುಟ್ಟಿದವು. ಹೀಗೆ ಘಟ್ಟದ ಕೆಳಗೆ ಮದ್ರಾಸ್ ಪ್ರಾಂತದಲ್ಲಿಯೂ ಘಟ್ಟದ ಮೇಲೆ ಮುಂಬಯಿ ಪ್ರಾಂತದಲ್ಲಿಯೂ, ರಾಜಕೀಯವಾಗಿ ಬೇರೆಬೇರೆಯಾಗಿದ್ದ ಕನ್ನಡ ಸೀಮೆಗಳು, ಒಂದೇ ಮಿಷನ್ನಿನ ಆಡಳಿತದೊಳಗೆ ಬಂದುವು. ಒಂದೆಡೆಯ ಉಪದೇಶಿ ಇನ್ನೊಂದೆಡೆಗೆ ಹೋಗುವುದು, ಒಂದೆಡೆ ಅಚ್ಚಾದ ಪುಸ್ತಕ ಇನ್ನೊಂದೆಡೆ ಓದಲ್ಪಡುವುದು ಸಾಧ್ಯವಾಯಿತು. ಕರ್ನಾಟಕ ಏಕೀಕರಣದ ಮಾತು ಹುಟ್ಟುವುದಕ್ಕೆ ಬಹಳ ಮೊದಲೇ ಮಂಗಳೂರು ಧಾರವಾಡಗಳ ನಡುವೆ ಹೀಗೊಂದು ಕನ್ನಡದ ಹಾದಿ ಬಿದ್ದಿತ್ತೆಂಬುದು ಗಮನಾರ್ಹ.

1840ರಲ್ಲಿ ಎಚ್. ಎಂ. ಬ್ಲೇರ್ ಎಂಬ ಬ್ರಿಟಿಷ್ ಅಧಿಕಾರಿ ಬಲ್ಮಠದ ಗುಡ್ಡದಲ್ಲಿದ್ದ ತನ್ನ ಆಸ್ತಿಯನ್ನು ಮಿಷನ್ನಿಗೆ ದಾನ ಮಾಡಿದನು. ಅಲ್ಲಿಂದ ಮುಂದೆ ಶಾಲೆ, ವೇದಪಾಠಶಾಲೆ, ಅಚ್ಚುಕೂಟ, ದೇವಾಲಯ ಎಲ್ಲಕ್ಕೂ ಬಲ್ಮಠವೇ ಕೇಂದ್ರವಾಯಿತು.

2. ದೀಕ್ಷೆಯ ಬೆಲೆ

ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ತುಳುನಾಡಿನ ಬಿಲ್ಲವರು. ಮೂರ್ತೆ ಅವರ ಕುಲಕಸಬುಗಳಲ್ಲೊಂದು. ಬಹು ಮಂದಿ ಇತರರ ಭೂಮಿಯನ್ನು ಗೇಣಿಗೆ ಮಾಡುವ ಒಕ್ಕಲುಗಳು. ಇವರಲ್ಲದೆ ಇತರ ಜಾತಿಗಳಿಂದಲೂ ಕೆಲವರು ಬಂದರು. ಬ್ರಾಹ್ಮಣರು ಬಂದದ್ದು ತೀರ ವಿರಳ. 1844ರ ಜನವರಿ 6ರಂದು ಆನಂದರಾವ್ ಕೌಂಡಿನ್ಯ ಮತ್ತು ಅವನ ಇಬ್ಬರು ಸಹಪಾಠಿಗಳು ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದಾಗ ಊರಿನಲ್ಲಿ ಕೋಲಾಹಲವೇ ಎದ್ದಿತು. ಸಾರಸ್ವತ ಮನೆತನದ ಆ ತರುಣನ ಪತ್ನಿ ಅವನನ್ನು ಹಿಂಬಾಲಿಸಲಿಲ್ಲ. ಅವನು ಮುಂದೆ ಬಾಸೆಲಿಗೆ ಹೋಗಿ ವ್ಯಾಸಂಗ ಮಾಡಿ, 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತನಾಗಿ ಹಿಂದಿರುಗಿದನು. ಆದರೆ ಕೌಂಡಿನ್ಯನ ಕಥೆ ಎಷ್ಟು ಪ್ರಸಿದ್ಧವಾದರೂ ಅದು ಸಭೆಯ ಸಾಮಾನ್ಯ ಕಥೆಯಲ್ಲ. ಸಾಮಾನ್ಯ ಕಥೆ ಬಿಲ್ಲವ ಒಕ್ಕಲಿನದು.

ಅಂಥ ಒಕ್ಕಲೊಬ್ಬನು ಸಭೆಗೆ ಸೇರಿದ ದಿನ ಅವನಿಗಾಗುತ್ತಿದ್ದ ನಷ್ಟಗಳನ್ನು ಒಂದೊಂದಾಗಿ ಎಣಿಸಿ ನೋಡಬಹುದು. ಮೊದಲನೆಯದು ಕಸಬು. ಕಳ್ಳಿಗೆ ಸಂಬಂಧಿಸಿದ ಉದ್ಯೋಗವನ್ನು ಮಿಷನ್ ಒಪ್ಪುತ್ತಿರಲಿಲ್ಲ. ಆದುದರಿಂದ ಮೂರ್ತೆಯನ್ನು ಬಿಡಬೇಕಾಗಿತ್ತು. ಎರಡನೆಯದು ನೆಲ. ಧಣಿಯ ಮನೆಯ ಭೂತಕ್ಕೆ ಸಲ್ಲಿಸಬೇಕಾದ ಸೇವೆಯೂ ಒಕ್ಕಲುತನವೂ ತುಳುನಾಡಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿದ್ದುವು. ಕೋಲ ನೇಮಗಳಿಂದ ದೂರ ಸರಿದವನು ಧಣಿಯ ಕೃಪೆಯಿಂದಲೂ ದೂರ ಸರಿದಂತಾಗುತ್ತಿತ್ತು. ಮೂರನೆಯದು ಕುಟುಂಬದ ಆಸ್ತಿ. ಇದನ್ನು ಸ್ವಲ್ಪ ವಿವರಿಸಬೇಕಾಗಿದೆ.

ತುಳುನಾಡಿನ ಅನೇಕ ಜಾತಿಗಳಂತೆ ಬಿಲ್ಲವರಲ್ಲಿಯೂ ಇದ್ದದ್ದು ಅಳಿಯಸಂತಾನ ಪದ್ಧತಿ. ಆಸ್ತಿ ತಂದೆಯಿಂದ ಮಗನಿಗಲ್ಲ, ತಾಯಿಯ ಕಡೆಯ ಕುಟುಂಬದಲ್ಲಿ, ಮಾವನಿಂದ ಸೋದರಳಿಯನಿಗೆ ನಡೆದುಬರುತ್ತಿತ್ತು. ಮತಾಂತರದಿಂದ ಯಾರೂ ಆಸ್ತಿಯ ಹಕ್ಕನ್ನು ಕಳೆದುಕೊಳ್ಳಕೂಡದೆಂದು ಸರಕಾರವು 1850ರಲ್ಲಿ 21ನೆಯ ಕಾಯಿದೆಯನ್ನು ಮಾಡಿತು. ನೋಡುವುದಕ್ಕೆ ಇದು ದೊಡ್ಡ ರಕ್ಷಣೆ. ಆದರೆ ಅಳಿಯಸಂತಾನದಲ್ಲಿ, ತನ್ನ ಪಾಲನ್ನು ಬೇರ್ಪಡಿಸಿ ಕೊಡಿರೆಂದು ಒಬ್ಬ ವ್ಯಕ್ತಿ ಕೇಳುವ ಹಕ್ಕೇ ಇರಲಿಲ್ಲ. ಕುಟುಂಬದೊಳಗಿದ್ದು ಉಣ್ಣುವ ಹಕ್ಕು ಮಾತ್ರ ಇತ್ತು. ಕುಟುಂಬದಿಂದ ಹೊರಬಿದ್ದವನಿಗೆ ಆ ಹಕ್ಕು ಕಾಗದದ ಮೇಲೆ ಉಳಿದರೂ ಬಟ್ಟಲಿಗೆ ಬರುತ್ತಿರಲಿಲ್ಲ. ಒಟ್ಟಿನಲ್ಲಿ ಕಸಬು, ನೆಲ, ಮನೆ ಮೂರೂ ಒಂದೇ ದಿನ ಕೈಬಿಡುವ ಸಂಭವವಿತ್ತು.

ಸಭೆಗೆ ಸೇರಿದವನ ಮನೆಯೊಳಗೂ ದೊಡ್ಡದೊಂದು ಮಾರ್ಪಾಟು ನಡೆಯಿತು. ತಾಯಮನೆಯ ಕೂಡುಕುಟುಂಬದ ಬದಲು ಗಂಡ, ಹೆಂಡತಿ, ಮಕ್ಕಳು ಎಂಬ ಚಿಕ್ಕ ಸಂಸಾರ. ಅಳಿಯಸಂತಾನದ ಬದಲು ಮಕ್ಕಳ ಸಂತಾನ. 1865ರ ಉತ್ತರಾಧಿಕಾರದ ಕಾಯಿದೆ ಈ ಹೊಸ ಪದ್ಧತಿಗೆ ಕಾನೂನಿನ ಬಲವನ್ನಿತ್ತಿತು. ಮಿಷನ್ನಿನ ದೃಷ್ಟಿಯಲ್ಲಿ ಇದು ಸುಧಾರಣೆ. ಆದರೆ ತಾಯಮನೆಯ ಆಶ್ರಯವಿದ್ದ ಹೆಂಗಸಿನ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಲಾಭದೊಡನೆ ನಷ್ಟವೂ ಇತ್ತೆಂದು ಹೇಳಬೇಕಾಗುತ್ತದೆ. ಶಾಲೆಯ ಬಾಗಿಲು ಅವಳಿಗೆ ತೆರೆಯಿತು, ಅಕ್ಷರ ಬಂದಿತು, ಹೊಲಿಗೆ ಕಸೂತಿಗಳಿಂದ ನಾಲ್ಕು ಕಾಸಿನ ಸಂಪಾದನೆಯೂ ಬಂದಿತು. ಆದರೆ ಮನೆಯ ಯಜಮಾನಿಕೆಯ ಮೂಲವಾಗಿದ್ದ ತಾಯಬೇರು ಕಡಿದುಹೋಯಿತು.

3. ಅನ್ನದ ಪ್ರಶ್ನೆ

ಹೀಗೆ ನಿರ್ಗತಿಕರಾಗಿ ಬಂದವರಿಗೆ ಬದುಕಿನ ದಾರಿ ಯಾವುದು? ಧರ್ಮಾರ್ಥವಾಗಿ ಅಕ್ಕಿ ಬಟ್ಟೆಗಳನ್ನು ಹಂಚಿದರೆ ಸಭೆಯು ಭಿಕ್ಷುಕರ ಗುಂಪಾಗುವುದು. ಹಂಚದಿದ್ದರೆ ಬಂದವರು ಉಪವಾಸ ಬೀಳುವರು. ಈ ಇಕ್ಕಟ್ಟಿನಿಂದ ಪಾರಾಗಲು ಮಿಷನ್ ಮಾಡಿದ ಪ್ರಯೋಗಗಳು ಹಲವು; ಮೊದಲಿನವು ಬಹುಪಾಲು ವಿಫಲವಾದುವು. ಬೆಟಗೇರಿಯ ಸಮೀಪದ ಮಳಸಮುದ್ರದಲ್ಲಿ ಕ್ರೈಸ್ತ ಒಕ್ಕಲುಗಳ ಒಂದು ಗ್ರಾಮವನ್ನು ಕಟ್ಟುವ ಪ್ರಯತ್ನ ನಡೆದು, ಕೈಗೂಡದೆ ಹೋಯಿತು. ಮಂಗಳೂರಿನಲ್ಲಿ ಬಡಗಿಯ ಕೆಲಸ, ಗಡಿಯಾರದ ಕೆಲಸಗಳನ್ನು ಕಲಿಸಿ ನೋಡಿದ್ದಾಯಿತು. ಕೊಡಗಿನಲ್ಲಿ ಮೋಗ್ಲಿಂಗನು 1853ರಿಂದೀಚೆಗೆ ಅಲ್ಮಂಡದಲ್ಲಿ ನೆಲೆಸಿ ಆನಂದಪುರವೆಂಬ ಹೊಸ ಊರನ್ನು ಕಟ್ಟಲು ತೊಡಗಿದನು. ಭೂಮಿಯಿಲ್ಲದ ಹೊಲೆಯರಿಗೆ ಅಲ್ಲಿ ನೆಲೆ ದೊರೆಯಿತು. ಆ ಕಾರ್ಯದಲ್ಲಿ ಕೌಂಡಿನ್ಯನ ನೆರವು ದೊಡ್ಡದು.

ನಿಂತ ಪ್ರಯೋಗಗಳು ಮೂರು: ಅಚ್ಚು, ಮಗ್ಗ, ಹಂಚು.

ಅಚ್ಚುಕೂಟವು 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಯಿತು. ಕಲ್ಲಿನ ಮೇಲೆ ಬರೆದು ಒತ್ತುವ ಈ ವಿಧಾನಕ್ಕೆ ಎರಕದ ಮೊಳೆಗಳು ಬೇಕಿಲ್ಲವಾದುದರಿಂದ ಕನ್ನಡ ಬರಹ ಬಲ್ಲವನ ಕೈಯೇ ಅದಕ್ಕೆ ಬಂಡವಾಳ. 1843ರ ಜುಲೈ 1ರಂದು ಕನ್ನಡದ ಮೊದಲನೆಯ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಿದ್ದದ್ದು ಇಲ್ಲಿಂದಲೇ. 1851ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರಜ್ಞನು ಬಂದ ಮೇಲೆ ಮೊಳೆಯಚ್ಚಿನ ಕೆಲಸ ಕ್ರಮವಾಗಿ ಬೆಳೆಯಿತು. ಮೊಳೆ ಜೋಡಿಸುವುದು, ಕರಡು ತಿದ್ದುವುದು, ರಟ್ಟು ಕಟ್ಟುವುದು ಇವೆಲ್ಲ ಸಭೆಯ ಹುಡುಗರ ಉದ್ಯೋಗಗಳಾದುವು.

ಅದೇ 1851ರಲ್ಲಿ ಜಾನ್ ಹಾಲರ್ ಎಂಬ ನೇಯ್ಗೆಯ ಕುಶಲಿಯು ಬಂದು ಯುರೋಪಿನ ಮಾದರಿಯ ಕೈಮಗ್ಗಗಳನ್ನು ಹೂಡಿದನು. ಮಿಷನ್ ಮಗ್ಗದ ಬಟ್ಟೆ ಗಟ್ಟಿತನಕ್ಕೂ ಮಾಸದ ಬಣ್ಣಕ್ಕೂ ಹೆಸರಾಯಿತು. ಅದರ ಖಾಕಿ ಬಟ್ಟೆಯ ಖ್ಯಾತಿಯಂತೂ ದೂರದವರೆಗೆ ಹಬ್ಬಿತು. 1854ರಲ್ಲಿ ವ್ಯಾಪಾರ ಬಲ್ಲ ಗಾಟ್ಲೋಬ್ ಪ್ಫ್ಲೈಡರರ್ ಮಂಗಳೂರಿಗೆ ಬಂದು ಮಿಷನ್ನಿನ ಅಂಗಡಿಯನ್ನು ತೆರೆದನು. 1859ರಲ್ಲಿ ಬಾಸೆಲಿನಲ್ಲಿ ಮಿಷನ್ ವ್ಯಾಪಾರ ಕಂಪೆನಿಯೊಂದು ಸ್ಥಾಪನೆಯಾಯಿತು.

ಮೂರನೆಯದಾದ ಹಂಚಿನ ಕೈಗಾರಿಕೆ ಇವೆರಡನ್ನೂ ಮೀರಿಸಿತು. ತುಳುನಾಡಿನ ಮಳೆಗೆ ಮುಳಿಹುಲ್ಲಿನ ಮಾಡನ್ನು ವರ್ಷವರ್ಷವೂ ಹೊದಿಸಬೇಕು. ಬೆಂಕಿಯ ಭಯ ಬೇರೆ. ಕುಂಬಾರನ ಕೈಹಂಚು ಭಾರ, ಸೋರುವುದೂ ಉಂಟು. ಒಂದರ ಅಂಚಿನ ತೋಡಿನಲ್ಲಿ ಮತ್ತೊಂದು ಕೂತುಕೊಳ್ಳುವ ಚಪ್ಪಟೆ ಹಂಚನ್ನು ಬಾಸೆಲಿಗೆ ಸಮೀಪದ ಅಲ್ಸೇಸಿನಲ್ಲಿ 1840ರ ಸುಮಾರಿಗೆ ಕಂಡುಹಿಡಿಯಲಾಗಿತ್ತು. ಪ್ಲೆಬ್ಸ್ಟನು ಆ ವಿದ್ಯೆಯನ್ನು ಕಲಿತುಬಂದು, ನೇತ್ರಾವತಿಯ ದಡದ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಮೊದಲನೆಯ ಕಾರ್ಖಾನೆಯನ್ನು ಸ್ಥಾಪಿಸಿದನು. ಮಣ್ಣನ್ನು ಹದಮಾಡಿ, ತಿರುಪಿನ ಒತ್ತುಯಂತ್ರದಲ್ಲಿ ಹಂಚಿನ ರೂಪ ಕೊಟ್ಟು, ನೆರಳಿನಲ್ಲಿ ಒಣಗಿಸಿ, ಆವಿಗೆಯಲ್ಲಿ ಸುಡುವ ಈ ಕ್ರಮದಲ್ಲಿ ಪ್ರತಿಯೊಂದು ಹಂತಕ್ಕೂ ಹಲವು ಕೈಗಳು ಬೇಕು. ಗಂಡಸರಿಗೂ ಹೆಂಗಸರಿಗೂ ಕೆಲಸವಿತ್ತು. ನದಿಯಿಂದ ಮಣ್ಣು, ಘಟ್ಟದ ಕಾಡುಗಳಿಂದ ಸೌದೆ, ಬಂದರಿನಿಂದ ಹಡಗು, ಮೂರೂ ಹತ್ತಿರದಲ್ಲಿಯೇ ಇದ್ದುದರಿಂದ ಮಂಗಳೂರು ಹಂಚು ಮುಂಬಯಿಯವರೆಗೂ ಅದರಾಚೆಗೂ ಹೋಯಿತು. ಬೇಗನೆ ಊರಿನ ಇತರ ಉದ್ಯಮಿಗಳೂ ಕಾರ್ಖಾನೆಗಳನ್ನು ತೆರೆದರು. ಒಂದು ಸಣ್ಣ ಸಭೆಯ ಅನ್ನಕ್ಕಾಗಿ ಹುಟ್ಟಿದ ಉದ್ಯೋಗವು ಇಡೀ ಪಟ್ಟಣದ ಉದ್ಯೋಗವಾಗಿ ಬೆಳೆಯಿತು. ಜೆಪ್ಪುವಿನ ಕಾರ್ಖಾನೆಯ ಸುತ್ತ ಸಭೆಯ ಮನೆಗಳು ಹಬ್ಬಿದವು. ಬಲ್ಮಠದ ಶಾಂತಿ ದೇವಾಲಯ, ಜೆಪ್ಪುವಿನ ಕಾಂತಿ ದೇವಾಲಯ ಎಂಬ ಎರಡು ನೆಲೆಗಳ ಹಿಂದೆ ವೇದಪಾಠಶಾಲೆಯ ಗುಡ್ಡ ಹಾಗೂ ಹಂಚಿನ ದಂಡೆ ಎಂಬ ಎರಡು ಬದುಕುಗಳಿವೆ.

4. ಆಶ್ರಯವೂ ಬಂಧನವೂ

ಈ ವ್ಯವಸ್ಥೆಯ ಗುಣವನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ವಾರವೆಲ್ಲ ಕೂಲಿ ಕೊಡುವವನೂ ಆದಿತ್ಯವಾರ ಬೋಧಿಸುವವನೂ ಒಂದೇ ಮನೆಯವರಾದರೆ ಕೇಳುವವನ ಭಕ್ತಿಗೂ ಹೊಟ್ಟೆಗೂ ನಡುವಣ ಗೆರೆ ಅಳಿಸಿಹೋಗುವುದು ಸುಲಭ. ‘ಅನ್ನಕ್ಕಾಗಿ ಸೇರಿದವರು’ ಎಂಬ ನಿಂದೆಯನ್ನು ಸಭೆಯವರು ಊರವರಿಂದ ಕೇಳಬೇಕಾಯಿತು. ಬಾಸೆಲಿನಲ್ಲಿಯೂ, ಮಿಷನ್ನಿಗೆ ವ್ಯಾಪಾರ ತರವೇ ಎಂಬ ಚರ್ಚೆ ಎಡೆಬಿಡದೆ ನಡೆಯಿತು. ಆ ನಿಂದೆಗೆ ಉತ್ತರ ಹಿಂದಿನ ಭಾಗದಲ್ಲಿಯೇ ಇದೆ. ಅನ್ನವಿದ್ದ ಕಡೆಯಿಂದ ಅನ್ನವಿಲ್ಲದ ಕಡೆಗೆ ಮೊದಲು ಬಂದವರು ಅವರು. ಕಾರ್ಖಾನೆ ಆಮೇಲೆ ಹುಟ್ಟಿತು. ಆದರೂ ಕಾರ್ಖಾನೆಗಳು ಬೆಳೆದ ಮೇಲೆ ಸೇರಿದವರ ವಿಷಯದಲ್ಲಿ ಆ ಪ್ರಶ್ನೆ ಪೂರ್ಣವಾಗಿ ನಿರಾಧಾರವಾದುದೆಂದು ಹೇಳುವಂತಿಲ್ಲ.

ಸಭೆಯ ಶಿಸ್ತು ಕಠಿನವಾಗಿತ್ತು. ಕುಡಿತ, ಭೂತಾರಾಧನೆ, ಜಾತಿಭೇದದ ಆಚರಣೆ ಇವುಗಳಿಗೆ ಎಚ್ಚರಿಕೆ, ಮತ್ತೆ ಕರ್ತನ ಭೋಜನದಿಂದ ಬಹಿಷ್ಕಾರ, ಕೊನೆಗೆ ಸಭೆಯಿಂದಲೇ ಬಹಿಷ್ಕಾರ ಎಂಬ ಕ್ರಮವಿತ್ತು. ಕೆಲಸದ ಜಾಗವೂ ವಾಸದ ಜಾಗವೂ ಮಿಷನ್ನಿನದೇ ಆಗಿದ್ದವನಿಗೆ ಸಭೆಯ ಅವಕೃಪೆಯು ಕೇವಲ ಪಾರಮಾರ್ಥಿಕ ಸಂಗತಿಯಾಗಿರಲಿಲ್ಲವೆಂಬುದನ್ನು ಊಹಿಸಬಹುದು. ಒಬ್ಬ ಧಣಿಯನ್ನು ಬಿಟ್ಟುಬಂದವನಿಗೆ ಇನ್ನೊಬ್ಬ ಧಣಿ ದೊರೆತಂತಾಯಿತು. ಈ ಧಣಿ ಅಕ್ಷರ ಕಲಿಸಿದನು, ಕಸಬು ಕಲಿಸಿದನು, ಗದ್ದೆಯ ಅಂಚಿನಲ್ಲಿ ನಿಂತವನನ್ನು ಬೆಂಚಿನ ಮೇಲೆ ಕೂರಿಸಿದನು ಎಂಬುದು ನಿಜ. ಆದರೆ ಆಡಳಿತದ ಕೀಲಿಕೈಯನ್ನು ಬಹುಕಾಲ ತನ್ನಲ್ಲಿಯೇ ಇಟ್ಟುಕೊಂಡನು.

5. ಸಭೆಯ ನುಡಿ

ಈ ಸಭೆಯ ಮನೆಮಾತು ಹೆಚ್ಚಾಗಿ ತುಳು. ಶಾಲೆಯ ಮಾತು, ಗ್ರಂಥದ ಮಾತು ಕನ್ನಡ. ಮಿಷನ್ನಿನವರು ಬರುವ ಮೊದಲೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲನ್ನು ಸಿದ್ಧಪಡಿಸಿದ್ದನು. 1831ರ ಹೊತ್ತಿಗೆ ಅದು ಪೂರ್ಣವಾಗಿತ್ತು. ಅದನ್ನು ತಿದ್ದುವ ಕೆಲಸದಲ್ಲಿ ಬಾಸೆಲಿನವರೂ, ವಿಶೇಷವಾಗಿ ಮೋಗ್ಲಿಂಗನ ಬಂಧು ವೈಗ್ಲೆ, ಪಾಲುಗೊಂಡರು. ಆದರೆ ತುಳುವಿನಲ್ಲಿ ಅಂಥ ಗ್ರಂಥ ಇರಲಿಲ್ಲ. ಗ್ರೈನರನ ತುಳು ಅನುವಾದದಲ್ಲಿ ಮತ್ತಾಯನ ಸುವಾರ್ತೆ 1842ರಲ್ಲಿಯೂ ಇಡೀ ಹೊಸ ಒಡಂಬಡಿಕೆ 1847ರಲ್ಲಿಯೂ ಕಲ್ಲಚ್ಚಿನಲ್ಲಿ ಬಂದುವು. ತುಳುವಿನಲ್ಲಿ ಅಚ್ಚಾದ ಮೊದಲ ಗ್ರಂಥಗಳು ಇವೇ. ಅವುಗಳಿಗಾಗಿ ಆರಿಸಿದ ಲಿಪಿ ಕನ್ನಡ. ಈ ಆಯ್ಕೆಯ ಪರಿಣಾಮ ಸಭೆಯ ಎಲ್ಲೆಯನ್ನು ಮೀರಿ ಹೋಯಿತು. ತುಳುವನ್ನು ಕನ್ನಡ ಅಕ್ಷರಗಳಲ್ಲಿ ಬರೆಯುವ ವಾಡಿಕೆ ಅಚ್ಚಿನಲ್ಲಿ ನೆಲೆಗೊಂಡಿತು. ಬ್ರಿಗೆಲನ ತುಳು ವ್ಯಾಕರಣ 1872ರಲ್ಲಿಯೂ ಮ್ಯಾನರನ ತುಳು ನಿಘಂಟು 1886ರಲ್ಲಿಯೂ ಪ್ರಕಟವಾದುವು.

ಕನ್ನಡ ಸಾಹಿತ್ಯಕ್ಕೆ ಅದೇ ಅಚ್ಚುಕೂಟದಿಂದಾದ ಉಪಕಾರ ಪ್ರಸಿದ್ಧವಾದುದರಿಂದ ಅದನ್ನು ಸೂಚಿಸಿದರೆ ಸಾಕು. ಮೋಗ್ಲಿಂಗನ ಗ್ರಂಥಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಅಚ್ಚಾದುವು. ಕಿಟ್ಟೆಲನು 1872ರಲ್ಲಿ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿಕೊಟ್ಟನು. 1894ರಲ್ಲಿ ಅವನ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಆದರೆ ಒಂದು ಅಂಶವನ್ನು ಇಲ್ಲಿ ಎತ್ತಿಹೇಳಬೇಕು. ಸಾವಿರದ ಏಳುನೂರು ಪುಟಗಳನ್ನು ಮೀರಿದ ಆ ನಿಘಂಟಿನ ಹಿಂದೆ ಒಬ್ಬ ವಿದ್ವಾಂಸನ ಹೆಸರಿದೆ. ಕನ್ನಡದ ಒತ್ತಕ್ಷರಗಳನ್ನೂ ಇಂಗ್ಲಿಷಿನ ಸಣ್ಣ ಮೊಳೆಗಳನ್ನೂ ಸಂಸ್ಕೃತದ ರೂಪಗಳನ್ನೂ ಒಂದೇ ಸಾಲಿನಲ್ಲಿ ಜೋಡಿಸಿ, ತಪ್ಪಿದಲ್ಲಿ ಕಿತ್ತು ಮತ್ತೆ ಜೋಡಿಸಿದ ಕೈಗಳಿಗೆ ಹೆಸರಿಲ್ಲ. ಬಸವಪುರಾಣದಂಥ ಗ್ರಂಥಗಳನ್ನು ಕಲ್ಲಚ್ಚಿನಲ್ಲಿ ಒತ್ತಿದ್ದು, ಅವುಗಳ ಪುಟಗಳನ್ನು ಹೊಲಿದು ರಟ್ಟು ಕಟ್ಟಿದ್ದು ಸಭೆಯ ಇಂಥ ದುಡಿಮೆಗಾರರೇ. ನಮ್ಮ ಪ್ರಾಚೀನ ಸಾಹಿತ್ಯದ ಪುನರುಜ್ಜೀವನದಲ್ಲಿ ಅವರಿಗೂ ಒಂದು ಪಾಲು ಸಲ್ಲುತ್ತದೆ.

ಆರಾಧನೆಯ ಮಾತೂ ಹೀಗೆಯೇ ರೂಪುಗೊಂಡಿತು. ಜರ್ಮನ್ ದೇವಾಲಯಗಳ ರಾಗಗಳಿಗೆ ಕನ್ನಡ ತುಳುಗಳ ಪದಗಳನ್ನು ಹೊಂದಿಸಿದರು. ನಾಲ್ಕು ಶ್ರುತಿಗಳಲ್ಲಿ ಕೂಡಿ ಹಾಡುವ ಕ್ರಮ ಬಂದಿತು. ವರ್ಷಕ್ಕೊಮ್ಮೆ ತಮ್ಮ ಬೆಳೆಯ ಮೊದಲ ಪಾಲನ್ನು ತಂದು ದೇವಾಲಯದಲ್ಲಿ ಅರ್ಪಿಸುವ ಹಬ್ಬದಲ್ಲಿ ಪಶ್ಚಿಮದ ಕೊಯ್ಲಿನ ಹಬ್ಬದ ಛಾಯೆಯಿರುವಂತೆಯೇ ತುಳುನಾಡಿನ ಕುರಲ್ ಪರ್ಬದ ಛಾಯೆಯೂ ಇದೆಯೆನ್ನದಿರಲಾಗದು. ಹೊಸ ತೆನೆಗೆ ಮಣಿಯುವ ಮನಸ್ಸು ಮತಕ್ಕಿಂತ ಹಳೆಯದು.

6. 1914ರ ಪರೀಕ್ಷೆ

ಮೊದಲನೆಯ ಮಹಾಯುದ್ಧ ಆರಂಭವಾದಾಗ ಮಿಷನ್ನಿನಲ್ಲಿದ್ದ ಜರ್ಮನರು ಬ್ರಿಟಿಷ್ ಸರಕಾರಕ್ಕೆ ಶತ್ರುದೇಶದ ಪ್ರಜೆಗಳಾದರು. ಅನೇಕರನ್ನು ಅಹಮದನಗರದ ಶಿಬಿರದಲ್ಲಿ ಇರಿಸಿ, ಅನಂತರ ಸ್ವದೇಶಕ್ಕೆ ಕಳುಹಿಸಲಾಯಿತು. ಕಾರ್ಖಾನೆಗಳು ಸರಕಾರದ ವಶಕ್ಕೆ ಹೋಗಿ, ಯುದ್ಧಾನಂತರ ಲಂಡನ್ನಿನಲ್ಲಿ ಸ್ಥಾಪಿತವಾದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಗೆ ಸೇರಿದವು. ಎಂಬತ್ತು ವರ್ಷಗಳಿಂದ ಕಟ್ಟಿಕೊಂಡು ಬಂದ ಆಶ್ರಯ ಕೆಲವು ವರ್ಷಗಳಲ್ಲಿ ಕುಸಿಯಿತು. ಬೋಧಿಸುವವನೂ ಹೋದನು, ಕೂಲಿ ಕೊಡುವವನೂ ಬದಲಾದನು.

ಸಭೆಯು ಬರಿಯ ಅನ್ನದ ಬಂಧವಾಗಿದ್ದರೆ ಆಗ ಚದುರಿಹೋಗಬೇಕಾಗಿತ್ತು. ಹಾಗಾಗಲಿಲ್ಲ. ಬಲ್ಮಠದಲ್ಲಿ ತರಬೇತಾದ ನಾಡಿನ ಸಭಾಪಾಲಕರು, ಉಪದೇಶಿಗಳು, ಉಪಾಧ್ಯಾಯರು ಆರಾಧನೆಯನ್ನೂ ಶಾಲೆಗಳನ್ನೂ ನಡೆಸಿಕೊಂಡು ಬಂದರು. ಸ್ವಿಟ್ಜರ್ಲೆಂಡಿನವರ ಹೊಸ ಮಿಷನ್ನೊಂದು ಯುದ್ಧಾನಂತರ ನೆರವಿಗೆ ಬಂದಿತು. ಕೆಲವು ವರ್ಷಗಳ ಮೇಲೆ ಬಾಸೆಲ್ ಮಿಷನ್ನೂ ಹಿಂದಿರುಗಿತು. ಆದರೆ ಹಿಂದಿನ ಧಣಿತನ ಮರಳಲಿಲ್ಲ. ಕೈಗಾರಿಕೆಯ ಕೈ ಬಿಟ್ಟ ಮಿಷನ್ನಿಗೂ ತನ್ನ ಕಾಲಮೇಲೆ ನಿಲ್ಲಲು ಕಲಿತ ಸಭೆಗೂ ನಡುವಣ ಸಂಬಂಧ ಬೇರೆಯಾಯಿತು. ಮಿಷನ್ ಹಾಗೂ ಸಭೆ ಒಂದಲ್ಲವೆಂಬ ಮಾತು, ಅಲ್ಲಿಯವರೆಗೆ ತತ್ತ್ವವಾಗಿದ್ದದ್ದು, ಆಗ ಅನುಭವವಾಯಿತು.

ಆ ಕಾಲದ ಪಾಲಕರ ಯೋಗ್ಯತೆಗೆ ಒಂದು ನಿದರ್ಶನ ಸಾಕು. ಧಾರವಾಡ ಸೀಮೆಯಲ್ಲಿ ಹುಟ್ಟಿ, ಬಲ್ಮಠದ ವೇದಪಾಠಶಾಲೆಯಲ್ಲಿ ಓದಿ, ಘಟ್ಟದ ಮೇಲಿನ ಸಭೆಗಳಲ್ಲಿ ಸೇವೆ ಸಲ್ಲಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881-1962) ಊರೂರು ಅಲೆದು ಓಲೆಗರಿಗಳನ್ನೂ ಜನರ ಬಾಯಿಮಾತನ್ನೂ ಶೋಧಿಸಿ, ಸರ್ವಜ್ಞನ ವಚನಗಳನ್ನು 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಅವರಿಗೆ ಒಲಿಯಿತು. ಮಿಷನರಿ ಕನ್ನಡವನ್ನು ಕಲಿತ ಕಾಲ ಮುಗಿದು, ಸಭೆಯ ಕನ್ನಡಿಗನೇ ಕನ್ನಡಕ್ಕೆ ಕಲಿಸುವ ಕಾಲ ಬಂದಿತ್ತು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದ್ಘಾಟನೆಯಾದಾಗ ದಕ್ಷಿಣ ಕನ್ನಡದ ಸಭೆಗಳು ಅದರಲ್ಲಿ ಸೇರಿದವು. ಮುಂಬಯಿ ಕರ್ನಾಟಕದ ಸಭೆಗಳು ಆಗ ಹೊರಗುಳಿದವು. 1965ರಲ್ಲಿ ಬಲ್ಮಠದ ವೇದಪಾಠಶಾಲೆಯೂ ತುಮಕೂರಿನ ಪಾಠಶಾಲೆಯೂ ಕೂಡಿ ಕರ್ನಾಟಕ ತಿಯಲಾಜಿಕಲ್ ಕಾಲೇಜು ಆಯಿತು. 1970ರಲ್ಲಿ ಕರ್ನಾಟಕದ ಸಭಾಪ್ರಾಂತ ಮೂರಾಗಿ ಒಡೆದು, ದಕ್ಷಿಣ ಪ್ರಾಂತಕ್ಕೆ ಮಂಗಳೂರು ಕೇಂದ್ರವಾಯಿತು.

7. ಹೊರನಾಡಿನಲ್ಲಿ

ಅಕ್ಷರ ಹಾಗೂ ಕಸಬು ಎರಡನ್ನೂ ಪಡೆದು, ನೆಲವನ್ನು ಮಾತ್ರ ಪಡೆಯದ ಸಮುದಾಯದ ಮಕ್ಕಳು ದೊಡ್ಡ ಪಟ್ಟಣಗಳ ಕಡೆಗೆ ಮುಖಮಾಡುವುದು ಸಹಜ. ಮಂಗಳೂರಿನಿಂದ ಹಂಚು ಹೊತ್ತು ಹೊರಟ ಹಡಗಿನ ದಾರಿ ಮುಂಬಯಿಗೇ ಇತ್ತು. ಧಾರವಾಡ, ಹುಬ್ಬಳ್ಳಿ, ಗದಗಗಳಂತೂ 1956ರವರೆಗೆ ಮುಂಬಯಿಯ ಆಡಳಿತಕ್ಕೇ ಸೇರಿದ್ದುವು. ಹೀಗೆ ಘಟ್ಟದ ಕೆಳಗಣ ಮತ್ತು ಮೇಲಣ ಎರಡು ಧಾರೆಗಳೂ ಕೂಡಲು ಮುಂಬಯಿಯಲ್ಲಿ ಅವಕಾಶವಾಯಿತು. ನಗರದ ಬಾಡಿಗೆ ಏರಿದಂತೆ ಕನ್ನಡ ಕುಟುಂಬಗಳು ಕಲ್ಯಾಣದ ಕಡೆಗೂ ಅದರಾಚೆಗೂ ಸರಿದವು. ಟಿಟ್ವಾಳಾದಂಥ ದೂರದ ನೆಲೆಯಲ್ಲಿ ನಾಲ್ಕು ಮನೆಯವರು ಒಂದು ಸಂಜೆ ಕೂಡಿ ಕನ್ನಡದಲ್ಲಿ ಪ್ರಾರ್ಥಿಸಿದರೆ, ಅವರ ಬಾಯಲ್ಲಿ ಬರುವ ‘ಸಭೆ’, ‘ಪಾಲಕ’, ‘ಉಪದೇಶಿ’ ಎಂಬ ಮಾತುಗಳಿಗೂ ಹಾಡಿನ ರಾಗಕ್ಕೂ ಹಿಂದೆ ಮೇಲೆ ಹೇಳಿದ ಚರಿತ್ರೆಯೆಲ್ಲ ಇದೆ.

ಇಂಥ ಸಭೆಗಳ ಮುಂದೆ ಇರುವ ಪ್ರಶ್ನೆ ಈಗ ಅನ್ನದ್ದಲ್ಲ, ನುಡಿಯದು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು; ಮಕ್ಕಳಿಗೆ ಕನ್ನಡ ಅಕ್ಷರ ಎಲ್ಲಿಂದ ಬರಬೇಕು? ಕನ್ನಡದ ಓದು ನಿಂತ ಮನೆಯಲ್ಲಿ ಹಳೆಯ ವೇದಗ್ರಂಥ ಪೆಟ್ಟಿಗೆಯ ತಳ ಸೇರುತ್ತದೆ. ಅದರೊಡನೆ ಅದರ ಮೊದಲ ಹಾಳೆಯ ಮೇಲೆ ಹಿರಿಯರು ಬರೆದಿಟ್ಟ ಜನನ, ದೀಕ್ಷೆ, ಮದುವೆ, ಮರಣಗಳ ಲೆಕ್ಕವೂ ಕಣ್ಮರೆಯಾಗುತ್ತದೆ. ಇಂಥ ಹಾಳೆಗಳೂ ಸಭೆಯ ದಫ್ತರಗಳೂ ಬರಿಯ ಮತದ ಆಸ್ತಿಯಲ್ಲ. ಯಾವ ಊರಿನಿಂದ ಯಾರು ಯಾವಾಗ ಹೊರಟರು, ಯಾವ ಕಸಬಿನಿಂದ ಯಾವ ಕಸಬಿಗೆ ಬಂದರು ಎಂಬುದನ್ನು ತಿಳಿಯಲು ಇವಕ್ಕಿಂತ ನಂಬಿಕೆಯ ಆಧಾರ ಸಾಮಾನ್ಯ ಜನರ ವಿಷಯದಲ್ಲಿ ದೊರೆಯುವುದು ಕಷ್ಟ. ಮಿಷನರಿಗಳ ಪತ್ರಗಳೂ ವರದಿಗಳೂ ಬಾಸೆಲಿನ ಭಂಡಾರದಲ್ಲಿ ಸುರಕ್ಷಿತವಾಗಿವೆ. ಅವು ಮಿಷನ್ನಿನ ಚರಿತ್ರೆಗೆ ಸಾಕು. ಸಭೆಯ ಚರಿತ್ರೆ ಮಾತ್ರ ಮನೆಮನೆಯ ಪೆಟ್ಟಿಗೆಗಳಲ್ಲಿದೆ. ಅವನ್ನು ತೆರೆಸಿ, ಓದಿಸಿ, ಪ್ರತಿಮಾಡಿ ಇಡುವ ಕಾರ್ಯವನ್ನು ಸಭೆಗಳೂ ಕನ್ನಡ ಸಂಘಗಳೂ ಕೂಡಿ ಕೈಗೊಂಡರೆ, ಮಿಷನರಿಗಳ ಹೆಸರಿನ ಹಿಂದೆ ಮರೆಯಾಗಿ ನಿಂತ ಒಂದು ಕನ್ನಡ ಜನವರ್ಗದ ಬಾಳು ಬೆಳಕಿಗೆ ಬಂದೀತು.